ಶನಿವಾರ ತೊಳೆಯುವ ಕಲ್ಲು

ಶನಿವಾರ ಬಂತೆಂದರೆ ಆಕರ್‌ಡೈಕ್ ಊರಿನ ಹೆಂಗಸರಿಗೆ ಮೈಮೇಲೆ ಬಂದ ಹಾಗೆ. ಹೊಸ್ತಿಲು, ಕಿಟಕಿ, ಬಾಗಿಲ ಮುಂದಿನ ಇಟ್ಟಿಗೆಯ ಹಾಸು, ಅದರಾಚೆ ಪುರಸಭೆಗೆ ಸೇರಿದ ರಸ್ತೆಯಲ್ಲೂ ಒಂದು ಮಾರು, ಎಲ್ಲಕ್ಕೂ ಹಸಿರು ಸಾಬೂನು ಹಚ್ಚಿ ತಿಕ್ಕಿ ತೊಳೆಯಲೇಬೇಕು. ಇಲ್ಲದಿದ್ದರೆ ಭಾನುವಾರ ಚರ್ಚಿನಲ್ಲಿ ತಲೆಯೆತ್ತಿ ಕೂರುವುದು ಹೇಗೆ? ದೇವರೇನೋ ಕ್ಷಮಿಸಿಯಾನು, ಪಕ್ಕದ ಬೆಂಚಿನ ಆದ್ರಿಯಾನಾ ಕ್ಷಮಿಸುವುದಿಲ್ಲ.

ಲೆವೀನಾಳ ಶನಿವಾರ ಮಾತ್ರ ಮನೆಯ ಮುಂದೆ ಮುಗಿಯುತ್ತಿರಲಿಲ್ಲ. ಮನೆಗೆಲಸವಾದ ಮೇಲೆ ಬಕೆಟ್ಟು, ಬ್ರಷ್ಷು, ಸಾಬೂನಿನ ಡಬ್ಬಿ ಹಿಡಿದು ಅವಳು ಕಾಲುವೆಯ ಏರಿಗೆ ಹೋಗುತ್ತಿದ್ದಳು. ಅಲ್ಲಿ ಒಂದು ಸ್ಮಾರಕದ ಕಂಬವಿದೆ. ಕಂಬದ ಬುಡದಲ್ಲಿ, ಸಾಲಾಗಿ, ಮಣೆಯಷ್ಟಗಲದ ಒಂಬತ್ತು ಕಲ್ಲುಗಳಿವೆ. ನಲವತ್ತನಾಲ್ಕರ ಸೆಪ್ಟೆಂಬರಿನಲ್ಲಿ ಈ ಕಾಲುವೆ ದಾಟಿ ಜರ್ಮನರನ್ನು ಓಡಿಸುವಾಗ ಸತ್ತ ಒಂಬತ್ತು ಪೋಲಿಷ್ ಸಿಪಾಯಿಗಳ ಕಲ್ಲುಗಳು ಅವು. ಒಂದೊಂದು ಕಲ್ಲನ್ನು ಒಂದೊಂದು ಮನೆಯವರು ವಹಿಸಿಕೊಂಡಿದ್ದರು. ತಾಯಿಯಿಂದ ಮಗಳಿಗೆ, ಮಗಳಿಲ್ಲದಿದ್ದರೆ ಸೊಸೆಗೆ. ಊರಿನಲ್ಲಿ ಯಾರೂ ಅವರನ್ನು ಸಿಪಾಯಿಗಳು ಎನ್ನುತ್ತಿರಲಿಲ್ಲ. "ನಿಮ್ಮ ಹುಡುಗನಿಗೆ ಹೂವು ಇಟ್ರಾ?" "ನಮ್ಮ ಹುಡುಗನ ಕಲ್ಲು ಯಾಕೋ ವಾಲಿದೆ." ಹೀಗೆಯೇ ಮಾತು.

ಲೆವೀನಾಳ ಹುಡುಗ ಝೆನೋನ್ ಕುರ್ಪಿಯೆಲ್. ಉಳಿದ ಎಂಟು ಮಂದಿಯ ದೇಹಗಳನ್ನು ಯುದ್ಧ ಮುಗಿದ ಮೇಲೆ ದೂರದ ಸೇನಾ ಸ್ಮಶಾನಕ್ಕೆ ಒಯ್ದರು. ಅಲ್ಲಿ ಅವರಿಗೆ ಶಿಲುಬೆಯಿದೆ, ಹೆಸರಿದೆ. ಝೆನೋನ್ ಮಾತ್ರ ಸಿಗಲೇ ಇಲ್ಲ. ಅವನಿದ್ದ ದೋಣಿಗೆ ಗುಂಡು ಬಡಿದು ಮಗುಚಿತು, ಕಾಲುವೆ ಅವನನ್ನು ಎಲ್ಲಿಗೆ ಒಯ್ದಿತೋ ಯಾರಿಗೂ ಗೊತ್ತಿಲ್ಲ. ಅವನ ಹೆಸರು ಕೆತ್ತಿದ್ದುದು ಇಡೀ ಲೋಕದಲ್ಲಿ ಈ ಒಂದೇ ಕಲ್ಲಿನ ಮೇಲೆ.

ಕಲ್ಲುಗಳಾದರೂ ಎಂಥವು? ಬಾಂಬಿಗೆ ಉರುಳಿದ ಚರ್ಚಿನ ಮೆಟ್ಟಿಲುಗಳು. ಆಗ ಬೇರೇನು ಸಿಗುತ್ತಿತ್ತು! ಬಲು ಮೆದು ಕಲ್ಲು. ಅದಕ್ಕೇ ಎಷ್ಟೋ ವರ್ಷಗಳ ಕೆಳಗೆ ಸ್ಮಾರಕದ ಸಮಿತಿಯವರು ಎಲ್ಲ ಕಲ್ಲಿಗೂ ಹಿತ್ತಾಳೆಯ ಫಲಕ ಹೊಡೆಸಲು ಹೊರಟರು. ಎಂಟು ಮನೆಯವರು ಒಪ್ಪಿದರು. ಲೆವೀನಾಳ ತಾಯಿ ಸೊಂಟಕ್ಕೆ ಕೈಯಿಟ್ಟು ನಿಂತಳಂತೆ. "ನನ್ನ ಹುಡುಗನಿಗೆ ತಗಡು ಬಡೀತೀರಾ? ಯಾಕೆ, ಅವನೇನು ಬಿಸ್ಕತ್ತಿನ ಡಬ್ಬೀನಾ? ಕಲ್ಲು ಕಲ್ಲಾಗೇ ಇರಲಿ. ತೊಳೆಯೋಕೆ ನಾನಿದೀನಿ, ನಾನು ಹೋದ್ರೆ ನನ್ನ ಮಗಳಿದಾಳೆ." ತಾಯಿ ಹೋದಳು, ಮಗಳು ತೊಳೆದಳು. ಮಳೆಯಿರಲಿ, ಹಿಮವಿರಲಿ, ಒಂದು ಶನಿವಾರವೂ ತಪ್ಪಲಿಲ್ಲ. ಗಂಡ ಮರೀನಸ್ ಸಕ್ಕರೆ ಕಾರ್ಖಾನೆಯಿಂದ ಬರುವಾಗ ಸೈಕಲ್ ನಿಲ್ಲಿಸಿ ರೇಗಿಸುತ್ತಿದ್ದ. "ನನ್ನನ್ನ ಹೀಗೆ ತಿಕ್ಕಿದ್ರೆ ನಾನೂ ಬೆಳ್ಳಗಾಗ್ತಿದ್ದೆ ಕಣೆ."

ಐವತ್ತನೇ ವರ್ಷದ ಸ್ಮರಣೆಯನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಆರಾಧನೆ ಮುಗಿಸಿ ಊರೆಲ್ಲ ಏರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಸರಿಯಾಗಿ ಆ ಬೇಸಿಗೆಯಲ್ಲಿ ಸುದ್ದಿ ಬಂತು. ಝೆನೋನನ ತಂಗಿ ಬರುತ್ತಾಳೆ! ಹೆಸರು ಗೆನೋವೆಫಾ. ಇಷ್ಟು ವರ್ಷ ಪೋಲೆಂಡಿನಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ಜರ್ಮನಿಯನ್ನು ಸೀಳಿದ್ದ ಗೋಡೆ ಬಿದ್ದು ದಾರಿ ತೆರೆಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದಿತ್ತು.

ಈ ಸುದ್ದಿ ತಂದವನು ಕಾಜಿಮಿರ್. ಅವನೂ ಪೋಲೆಂಡಿನವನೇ. ಯುದ್ಧದ ಕೊನೆಯಲ್ಲಿ ಬೇರೊಂದು ತುಕಡಿಯ ಜೊತೆ ಈ ಊರಿಗೆ ಬಂದು, ಇಲ್ಲಿಯ ಹುಡುಗಿಯನ್ನು ಕಟ್ಟಿಕೊಂಡು, ಸೈಕಲ್ ರಿಪೇರಿ ಅಂಗಡಿ ಇಟ್ಟು ಇಲ್ಲೇ ಮುದುಕನಾದವನು. ಊರಿಗೆಲ್ಲ ಅವನು ಕಾಜ್.

"ಅವಳಿಗೆ ನೆರಳು ಬೆಳಕು ಬಿಟ್ರೆ ಏನೂ ಕಾಣಲ್ಲ ಲೆವೀನಾ," ಎಂದಿದ್ದ ಅವನು. "ಫೋನಿನಲ್ಲಿ ಒಂದೇ ಮಾತು ಹೇಳಿದ್ಲು. ನನಗೆ ಭಾಷಣ ಬೇಡ, ಬ್ಯಾಂಡು ಬೇಡ. ಅಣ್ಣನ ಹೆಸರನ್ನ ಬೆರಳಲ್ಲಿ ಮುಟ್ಟಿ ನೋಡ್ಬೇಕು, ಅಷ್ಟೇ. ಬಂದ ಬಸ್ಸಲ್ಲೇ ಸಂಜೆ ವಾಪಸ್ ಹೋಗ್ತೀನಿ ಅಂದ್ಲು."

ಅವತ್ತು ಲೆವೀನಾ ಹಿಗ್ಗಿ ಹೀರೇಕಾಯಿ ಆಗಿದ್ದಳು. ಅಮ್ಮ ಇರಬೇಕಿತ್ತು ಎಂದು ಕಣ್ಣೊರೆಸಿಕೊಂಡಳು.

ಸ್ಮರಣೆಯ ಹಿಂದಿನ ದಿನ, ಶನಿವಾರ, ಅವಳು ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದಳು. ಕಲ್ಲು ಹಾಲಿನ ಹಾಗೆ ಬೆಳ್ಳಗಾಯಿತು. ನೀರು ಸುರಿದು, ಬಟ್ಟೆಯಿಂದ ಒರೆಸಿ, ಮಂಡಿಯೂರಿ ಕುಳಿತವಳಿಗೆ ಒಂದು ಯೋಚನೆ ಬಂತು. ನಾಳೆ ಆ ಹೆಂಗಸಿಗೆ ಹೇಗನಿಸಬಹುದು? ಕಣ್ಣು ಮುಚ್ಚಿಕೊಂಡಳು. ಕಲ್ಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಎಳೆದಳು.

ನುಣುಪು. ಎಲ್ಲೆಲ್ಲೂ ನುಣುಪು.

ಬೆರಳು ತಪ್ಪಿರಬೇಕೆಂದು ಇನ್ನಷ್ಟು ಕೆಳಗಿಟ್ಟಳು, ಆಮೇಲೆ ಮೇಲಿಟ್ಟಳು. ಒಂದು ಕಡೆ ಸಣ್ಣ ತಗ್ಗು ಸಿಕ್ಕಂತಾಯಿತು, ಅದೂ ಜಾರಿಹೋಯಿತು. ಕಣ್ಣು ತೆರೆದು ನೋಡಿದಳು. ಕಣ್ಣಿಗೂ ಏನೂ ಕಾಣಲಿಲ್ಲ. ಕಲ್ಲಿನ ಮೇಲೆ ಹೆಸರೇ ಇರಲಿಲ್ಲ!

ಅಯ್ಯೋ ದೇವರೇ. ಕಳೆದ ವಾರ ಇತ್ತಲ್ಲ! ಇತ್ತೇ? ಹೋದ ವರ್ಷ ಇತ್ತೇ? ಆ ಹೆಸರು ಅವಳಿಗೆ ಬಾಯಿಪಾಠ. ಕಲ್ಲಿನ ಮುಂದೆ ಕುಳಿತರೆ ಅದು ತಾನಾಗಿ ಕಣ್ಣಿಗೆ ಕಟ್ಟುತ್ತಿತ್ತು. ಕಲ್ಲಿನಲ್ಲಿ ಅದು ಉಳಿದಿದೆಯೋ ಇಲ್ಲವೋ ಎಂದು ನೋಡುವ ಪ್ರಸಂಗವೇ ಬಂದಿರಲಿಲ್ಲ. ಆಳವಿಲ್ಲದ ಅಕ್ಷರ, ಮೆದು ಕಲ್ಲು, ಗಟ್ಟಿ ಬ್ರಷ್ಷು, ಐವತ್ತು ವರ್ಷದ ಶನಿವಾರಗಳು. ತಾಯಿ ಅರ್ಧ ಅಳಿಸಿದ್ದಳು, ಮಗಳು ಪೂರ್ತಿ ಅಳಿಸಿದ್ದಳು.

ಲೆವೀನಾ ದಡಬಡಿಸಿ ಎದ್ದಳು. ಬಕೆಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಮರೀನಸ್ ಮೊದಲು ನಂಬಲಿಲ್ಲ. ಬಂದು ನೋಡಿ ಟೋಪಿ ತೆಗೆದ. "ಅಬ್ಬಬ್ಬಾ! ಜರ್ಮನರ ಕೈಲೂ ಆಗದ ಕೆಲಸ ಮಾಡಿದೀಯ ಮಾರಾಯ್ತಿ," ಎಂದ. ಹೆಂಡತಿಯ ಮುಖ ನೋಡಿ ತಮಾಷೆ ಅಲ್ಲಿಗೇ ನಿಲ್ಲಿಸಿದ. ಇನ್ನೊಂದು ಮಾತಾಡದೆ ಸೈಕಲ್ ಹತ್ತಿ ಕಲ್ಲುಕುಟಿಗ ಯೋಸಿಯಾಸನ ಮನೆಗೆ ಹೋದ.

ಯೋಸಿಯಾಸ್ ಚರ್ಚಿನ ಹಿರಿಯರಲ್ಲೊಬ್ಬ. ಬಂದ, ಕಲ್ಲನ್ನು ಉಗುರಿನಿಂದ ತಟ್ಟಿದ, ತಲೆಯಾಡಿಸಿದ.

"ಇದು ಗಿಣ್ಣಿನ ಹಾಗಿದೆ. ಅವಸರ ಮಾಡಿದ್ರೆ ಸಿಡಿದು ಹೋಗುತ್ತೆ. ಒಂದು ಇಡೀ ದಿನ ಬೇಕು."

"ಹಾಗಾದ್ರೆ ನಾಳೆ ಬೆಳಿಗ್ಗೆಯಿಂದ..." ಲೆವೀನಾ ಗೋಗರೆದಳು.

"ನಾಳೆ ಭಾನುವಾರ, ದೇವರ ದಿನ."

"ಗೊತ್ತು ಯೋಸಿಯಾಸ್. ಆದ್ರೆ..."

"ಭಾನುವಾರ ಅಂದ್ರೆ ಭಾನುವಾರ. ರಾಣಿಯೇ ಬಂದು ಕೇಳಿದ್ರೂ ನಾನು ಉಳಿ ಮುಟ್ಟಲ್ಲ. ನೀನು ಮುಟ್ಟಿಸ್ತೀಯಾ? ಸೋಮವಾರ ಬರ್ತೀನಿ." ಅವನ ದನಿಯಲ್ಲಿ ಕೋಪವಿರಲಿಲ್ಲ. ಅವಳೂ ಅವನನ್ನು ದೂರಲಿಲ್ಲ. ಭಾನುವಾರ ಒಂದು ಗುಂಡಿಯನ್ನೂ ಹೊಲಿದುಕೊಳ್ಳದ ಹೆಂಗಸು ಅವಳು.

ಸುದ್ದಿ ತಿಳಿದು ಆದ್ರಿಯಾನಾ ಬಂದಳು. ಪಕ್ಕದ ಕಲ್ಲು ಅವಳದು. ಅದರ ಹಿತ್ತಾಳೆ ಫಲಕ ಥಳಥಳ ಹೊಳೆಯುತ್ತಿತ್ತು. ಬೇರೆ ದಿನವಾಗಿದ್ದರೆ ಚುಚ್ಚದೆ ಬಿಡುತ್ತಿರಲಿಲ್ಲ. ಅವತ್ತು ಲೆವೀನಾಳ ಪಕ್ಕ ಕೂತು ದನಿ ತಗ್ಗಿಸಿದಳು.

"ನೋಡೇ, ನಾನೊಂದು ಹೇಳ್ತೀನಿ, ಬೈಬೇಡ. ಅವಳಿಗೆ ಕಣ್ಣು ಕಾಣಲ್ಲ. ಅವಳ ಕೈ ಹಿಡಿದು ನನ್ನ ಹುಡುಗನ ಫಲಕದ ಮೇಲೆ ಇಡು. ಅಕ್ಷರ ಉಬ್ಬಿವೆ, ಬೆರಳಿಗೆ ಸಿಗುತ್ವೆ. ಹೆಸರೂ ಹೆಚ್ಚುಕಮ್ಮಿ ಅಷ್ಟೇ ಉದ್ದ."

"ಆದ್ರಿಯಾನಾ!"

"ಏನು ಆದ್ರಿಯಾನಾ? ಪಾಪ, ಅಷ್ಟು ದೂರದಿಂದ ಬರ್ತಿದಾಳೆ. ಬರೀ ಕಲ್ಲು ತೋರಿಸಿ ಕಳಿಸ್ತೀಯಾ? ಅವಳು ನೆಮ್ಮದಿಯಾಗಿ ಮನೆಗೆ ಹೋಗ್ತಾಳೆ, ನಿನ್ನ ಮಾನವೂ ಉಳಿಯುತ್ತೆ. ಯಾರಿಗೆ ನಷ್ಟ?"

ಲೆವೀನಾ ಬೈಯಲಿಲ್ಲ. ಆ ಮಾತು ಅವಳ ಮನಸ್ಸಿನಲ್ಲಿ ಹೊಕ್ಕು ಕೂತುಬಿಟ್ಟಿತು. ಕಾಜ್‌ನನ್ನು ಕೇಳಿದಳು. ಅವನು ಕೈಯ ಗ್ರೀಸನ್ನು ಒರೆಸಿಕೊಂಡ.

"ನೀನು ಏನು ಹೇಳಿದ್ರೂ ನಾನು ಪೋಲಿಷ್‌ನಲ್ಲಿ ಹೇಳ್ತೀನಿ. ನಿಜ ಹೇಳಿದ್ರೆ ನಿಜ, ಸುಳ್ಳು ಹೇಳಿದ್ರೆ ಸುಳ್ಳು. ಆದ್ರೆ ಲೆವೀನಾ, ಅವಳ ಬೆರಳಿಗೆ ಏನು ಹೇಳ್ಬೇಕೋ ನನಗೆ ಗೊತ್ತಿಲ್ಲ."

ಭಾನುವಾರ ಮಧ್ಯಾಹ್ನ ಕಪ್ಪು ಬಟ್ಟೆ ತೊಟ್ಟು ಊರೆಲ್ಲ ಏರಿಯ ಮೇಲೆ ನಿಂತಿತ್ತು. ಗಾಳಿಗೆ ಹೆಂಗಸರು ಟೋಪಿ ಹಿಡಿದುಕೊಂಡಿದ್ದರು. ಮೇಯರು ಚಿಕ್ಕದಾಗಿ ಮಾತಾಡಿದರು. ಪಾದ್ರಿ ಪ್ರಾರ್ಥನೆ ಹೇಳಿದರು. ತುತ್ತೂರಿ ಊದುವವನು ನಡುವೆ ಒಂದು ಸ್ವರ ತಪ್ಪಿದ, ಯಾರೂ ನಗಲಿಲ್ಲ. ಆಮೇಲೆ ಒಂದೊಂದೇ ಹೆಸರು ಕೂಗಿದರು. ಹೆಸರು ಕೂಗಿದಾಗ ಆ ಮನೆಯವರು ಮುಂದೆ ಬಂದು ತಮ್ಮ ಹುಡುಗನ ಕಲ್ಲಿಗೆ ಹೂವಿಡುವುದು ಪದ್ಧತಿ.

"ಝೆನೋನ್ ಕುರ್ಪಿಯೆಲ್."

ಲೆವೀನಾ ಮುಂದೆ ಬಂದಳು. ಆ ಕಡೆಯಿಂದ ಕಾಜ್ ಒಬ್ಬ ಕುಳ್ಳ ಹೆಂಗಸಿನ ತೋಳು ಹಿಡಿದು ಕರೆತಂದ. ತಲೆಗೆ ಹೂವಿನ ಚಿತ್ರದ ವಸ್ತ್ರ, ತೋಳಿನಲ್ಲಿ ಒಂದು ಕರಿ ಚೀಲ. ಲೆವೀನಾಳಿಗಿಂತ ಒಂದೆರಡು ವರ್ಷ ಚಿಕ್ಕವಳೇ, ನೋಡಿದರೆ ಹತ್ತು ವರ್ಷ ದೊಡ್ಡವಳಂತಿದ್ದಳು. ಗೆನೋವೆಫಾ ಆಗಲೇ ಬಲಗೈಯ ಕೈಗವಸು ಕಳಚಿ ಜೇಬಿಗೆ ತುರುಕಿದ್ದಳು. ಬೆರಳುಗಳು ಗಾಳಿಯಲ್ಲಿ ಸಿದ್ಧವಾಗಿ ನಿಂತಿದ್ದವು.

ಎರಡು ಹೆಜ್ಜೆ ಎಡಕ್ಕೆ ಹೋದರೆ ಆದ್ರಿಯಾನಾಳ ಫಲಕ. ಆದ್ರಿಯಾನಾ ಜಾಗ ಬಿಟ್ಟು ಪಕ್ಕಕ್ಕೆ ಸರಿದೇ ನಿಂತಿದ್ದಳು. ಲೆವೀನಾ ಆ ಹೆಂಗಸಿನ ಕೈ ಹಿಡಿದಳು. ಬೆಚ್ಚಗಿನ ಆ ಕೈ ಎತ್ತ ಒಯ್ದರೂ ಬರುವಂತೆ ಸಡಿಲವಾಗಿತ್ತು. ಅದು ತಿಳಿದದ್ದೇ ತಡ, ಲೆವೀನಾಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಇಷ್ಟು ನಂಬಿ ಬಂದ ಕೈಯನ್ನು ಬೇರೊಬ್ಬರ ಅಣ್ಣನ ಹೆಸರಿನ ಮೇಲೆ ಇಡುವುದೇ?

ಇಬ್ಬರೂ ಮಂಡಿಯೂರಿದರು. ಲೆವೀನಾ ಆ ಕೈಯನ್ನು ತನ್ನ ಕಲ್ಲಿನ ಮೇಲೆಯೇ ಇಟ್ಟಳು.

ಬೆರಳುಗಳು ಹುಡುಕತೊಡಗಿದವು. ಎಡಕ್ಕೆ ಹೋದವು, ಬಲಕ್ಕೆ ಬಂದವು. ಕಲ್ಲಿನ ಅಂಚು ಸಿಕ್ಕಿತು, ಮತ್ತೆ ಒಳಗೆ ಬಂದವು. ಇನ್ನೊಂದು ಕೈಗವಸನ್ನೂ ಕಳಚಿ ಎರಡೂ ಕೈಯಿಂದ ಸವರಿದಳು. ಗೆನೋವೆಫಾ ಮುಖವೆತ್ತಿ ಏನೋ ಕೇಳಿದಳು.

"ಹೆಸರೆಲ್ಲಿ ಅಂತ ಕೇಳ್ತಿದಾಳೆ," ಎಂದ ಕಾಜ್.

"ಇಲ್ಲ ಅಂತ ಹೇಳು." ಲೆವೀನಾ ಅವನ ಕಡೆ ತಿರುಗಿದಳು. "ಇತ್ತು, ನಾನು ಅಳಿಸಿಬಿಟ್ಟೆ ಅಂತ ಹೇಳು ಕಾಜ್. ಬೇಕಂತ ಅಲ್ಲ. ಪ್ರತಿ ಶನಿವಾರ ತೊಳೀತಿದ್ವಿ, ಮೊದಲು ನಮ್ಮಮ್ಮ, ಆಮೇಲೆ ನಾನು. ಬ್ರಷ್ಷಲ್ಲಿ ತಿಕ್ಕಿ ತಿಕ್ಕಿ... ನನಗೆ ಗೊತ್ತೇ ಆಗ್ಲಿಲ್ಲ. ನಿಮ್ಮಣ್ಣಂದು ಅಂತ ಈ ಲೋಕದಲ್ಲಿ ಇದ್ದದ್ದು ಅದೊಂದೇ. ಅದನ್ನೂ ನಾನೇ ತೊಳೆದು ಚೆಲ್ಲಿಬಿಟ್ಟೆ. ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ ಅಂತ ಹೇಳು."

ಕಾಜ್ ಹೇಳಿದ. ಒಂದು ಮಾತನ್ನೂ ಬಿಡಲಿಲ್ಲವೆಂದು ಅವನ ದನಿಯಿಂದಲೇ ತಿಳಿಯುತ್ತಿತ್ತು.

ಗೆನೋವೆಫಾಳ ಕೈಗಳು ಕಲ್ಲಿನ ಮೇಲೆ ನಿಂತುಬಿಟ್ಟವು. ಆಮೇಲೆ ನಿಧಾನವಾಗಿ ನಡುವಿಗೆ ಬಂದವು. ಅಲ್ಲಿ ಕಲ್ಲು ತಗ್ಗಾಗಿತ್ತು. ಅಂಗೈ ಕೂರುವಷ್ಟು ತಗ್ಗು, ಬ್ರಷ್ಷು ಹೋಗಿ ಬಂದು ಸವೆದದ್ದು. ಅವಳು ಅಂಗೈಯನ್ನು ಅದರೊಳಗೆ ಇಟ್ಟಳು. ಆಮೇಲೆ ಚೀಲ ತಡಕಿ ಗಾಜಿಲ್ಲದ ಒಂದು ಸಣ್ಣ ಚೌಕಟ್ಟನ್ನು ತೆಗೆದು ಲೆವೀನಾಳ ಕಡೆ ಚಾಚಿದಳು.

ಹಳೆಯ ಫೋಟೋ. ಸೇನೆಯ ಕೋಟು ತೊಟ್ಟ ಒಬ್ಬ ಯುವಕ. ಕೋಟಿನ ಗುಂಡಿಗಳು ಕಾಣುತ್ತಿದ್ದವು, ಕಾಲರು ಕಾಣುತ್ತಿತ್ತು. ಮುಖವಿರಬೇಕಾದ ಕಡೆ ಒಂದು ಬಿಳಿ ಮಚ್ಚೆ.

ಗೆನೋವೆಫಾ ಮಾತಾಡಿದಳು. ಕಾಜ್ ಕೇಳಿಸಿಕೊಂಡ. ಆಚೆ ತಿರುಗಿ ಮೂಗೊರೆಸಿಕೊಂಡ.

"ಅವರಮ್ಮ ಅಂತೆ," ಎಂದ. "ಮನೇಲಿ ಇದ್ದದ್ದು ಇದೊಂದೇ ಫೋಟೋ. ಸಂತರ ಪಟದ ಪಕ್ಕ ಇಟ್ಟಿದ್ರಂತೆ. ದಿನಾ ರಾತ್ರಿ ಮಲಗೋ ಮುಂಚೆ ಸಂತರಿಗೊಂದು ಮುತ್ತು, ಮಗನಿಗೊಂದು ಮುತ್ತು. ಕೊಟ್ಟು ಕೊಟ್ಟು ಮುಖವೇ ಹೋಯ್ತಂತೆ. ಸಾಯೋತನಕ ಆಯಮ್ಮಂಗೂ ಅದು ಗೊತ್ತಾಗ್ಲಿಲ್ವಂತೆ."

ಲೆವೀನಾ ಆ ಬಿಳಿ ಮಚ್ಚೆಯನ್ನೇ ನೋಡುತ್ತ ಕುಳಿತಳು. ತನ್ನ ತಾಯಿ, ಕಂಡರಿಯದ ಆ ತಾಯಿ, ಇಬ್ಬರೂ ನೆನಪಾಗಿ ಅವಳಿಗೆ ಅಳು ಉಕ್ಕಿ ಬಂತು. ಜನರೆದುರು ಅಳುವುದು ಆಕರ್‌ಡೈಕಿನಲ್ಲಿ ರೂಢಿಯಿಲ್ಲ. ಅವಳು ಅತ್ತಳು.

ಗೆನೋವೆಫಾ ಅವಳ ತೋಳು ಹಿಡಿದು ಮತ್ತೆ ಕೇಳಿದಳು.

"ಅಣ್ಣ ಮನೆ ಬಿಡುವಾಗ ಅವಳಿಗೆ ನಾಲ್ಕು ವರ್ಷ," ಎಂದ ಕಾಜ್. "ಹೆಸರು ಗೊತ್ತು, ಹೆಗಲ ಮೇಲೆ ಕೂರಿಸಿಕೊಂಡಿದ್ದು ಗೊತ್ತು. ಮುಖ ನೆನಪಿಲ್ಲ. ಕಣ್ಣಿದ್ದಾಗಲೂ ನೋಡೋಕೆ ಫೋಟೋದಲ್ಲಿ ಮುಖ ಇರ್ಲಿಲ್ಲ. ನೀವು ಯಾರಾದ್ರೂ ಅವನನ್ನ ನೋಡಿದ್ರಾ ಅಂತ ಕೇಳ್ತಿದಾಳೆ."

"ನೋಡಿದೀನಿ," ಎಂದಳು ಲೆವೀನಾ. ಮೂಗೊರೆಸಿಕೊಂಡು ನೆಟ್ಟಗೆ ಕುಳಿತಳು. "ಚೆನ್ನಾಗಿ ನೋಡಿದೀನಿ. ಕಾಲುವೆ ದಾಟೋ ಹಿಂದಿನ ರಾತ್ರಿ ನಮ್ಮ ಅಡುಗೆಮನೇಲೇ ಇದ್ದ. ನನಗೆ ಆಗ ಹನ್ನೊಂದು. ಆರು ಜನ ಬಂದ್ರು, ಹೊಲದ ಕೆಸರೆಲ್ಲ ಬೂಟಿನಲ್ಲಿ. ಅವತ್ತು ಶನಿವಾರ. ಅಮ್ಮ ಆಗತಾನೆ ನೆಲ ತೊಳೆದಿದ್ಲು. ಗುಂಡು ಹಾರ್ತಿದ್ರೂ ಅವಳಿಗೆ ನೆಲದ್ದೇ ಚಿಂತೆ, ಅಯ್ಯೋ ನನ್ನ ನೆಲ ಅಂದ್ಬಿಟ್ಲು. ಮಾತು ಅವರಿಗೆ ಅರ್ಥ ಆಗ್ಲಿಲ್ಲ, ಮುಖ ಅರ್ಥ ಆಯ್ತು. ಉಳಿದೋರೆಲ್ಲ ನಕ್ರು. ನಿಮ್ಮಣ್ಣ ಬೂಟು ಕಳಚಿ ಹೊರಗಿಟ್ಟು ಬಂದು, ಅಮ್ಮನ ಕೈಯಿಂದ ಬ್ರಷ್ಷು ಕಿತ್ಕೊಂಡು, ಮಂಡಿಯೂರಿ ಇಡೀ ನೆಲ ತಿಕ್ಕಿದ. ಒಂದು ಮೂಲೇನೂ ಬಿಡ್ಲಿಲ್ಲ."

ಕಾಜ್ ಹೇಳುತ್ತ ಹೋದ. ಗೆನೋವೆಫಾ ಮುಖವನ್ನು ಲೆವೀನಾಳ ಕಡೆ ಹಿಡಿದು ಬಾಯಿ ತೆರೆದು ಕೇಳುತ್ತಿದ್ದಳು.

"ತಿಕ್ಕುವಾಗ ಸಾಬೂನಿನ ನೊರೆ ಹುಬ್ಬಿಗೆ ಮೆತ್ತಿಕೊಂಡಿತ್ತು. ನಾನು ನಕ್ಕೆ. ಅವನೂ ನಕ್ಕ. ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು. ಕೂದಲು ಗೋಧಿ ಬಣ್ಣ. ಗಲ್ಲದ ಮೇಲೆ ಮಚ್ಚೆ ಏನೂ ಇರ್ಲಿಲ್ಲ, ಆದ್ರೆ ಕಿವಿ..." ಲೆವೀನಾ ಮಾತು ನಿಲ್ಲಿಸಿದಳು. ಗಾಳಿಗೆ ಎದುರಿನವಳ ತಲೆವಸ್ತ್ರ ಹಿಂದಕ್ಕೆ ಸರಿದಿತ್ತು. "ಎಡಗಿವಿ ಮಾತ್ರ ಹೊರಕ್ಕೆ ಚಾಚಿಕೊಂಡಿತ್ತು. ನಿಮ್ಮದೇ ಕಿವಿ ಅಮ್ಮಾ. ಇದೇ ಕಿವಿ."

ಅದನ್ನು ಕೇಳಿ ಗೆನೋವೆಫಾ ತನ್ನ ಎಡಗಿವಿಗೆ ಕೈ ಹಚ್ಚಿದಳು. ಮೇಲಿನಿಂದ ಕೆಳಗಿನವರೆಗೆ, ಮಡಿಕೆ ಮಡಿಕೆಯನ್ನೂ, ಕಲ್ಲನ್ನು ಸವರಿದ ಹಾಗೆಯೇ ಬೆರಳಿನಿಂದ ಸವರಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಅಮ್ಮ ಯಾವಾಗ್ಲೂ ಹೇಳ್ತಿದ್ಲು," ಎಂದಳು ಲೆವೀನಾ. "ಆ ಹುಡುಗ ನನ್ನ ನೆಲ ತಿಕ್ಕಿದ, ನಾನು ಅವನ ಕಲ್ಲು ತಿಕ್ತೀನಿ ಅಂತ."

ಊರು ಅಲುಗಾಡಲಿಲ್ಲ. ಉಳಿದ ಹೆಸರುಗಳನ್ನು ಕೂಗಬೇಕಾದವನೂ ಹಾಳೆಯನ್ನು ಮಡಚಿ ಹಿಡಿದು ಕಾಯುತ್ತ ನಿಂತಿದ್ದ. ಆದ್ರಿಯಾನಾ ಬಂದು ಇಬ್ಬರನ್ನೂ ಎಬ್ಬಿಸಿ, ತನ್ನ ಕರವಸ್ತ್ರದಿಂದ ಅವರ ಮಂಡಿಯ ಮಣ್ಣು ಝಾಡಿಸಿದಳು.

"ಇವತ್ತು ಬಸ್ಸು ಹತ್ತಬೇಡಿ," ಎಂದಳು ಲೆವೀನಾ. "ನಮ್ಮನೇಲೇ ಇರಿ. ಅವನು ಮಲಗಿದ್ದ ಅಡುಗೆಮನೆ ಹಾಗೇ ಇದೆ. ನಾಳೆ ಯೋಸಿಯಾಸ್ ಹೆಸರು ಕೆತ್ತುತ್ತಾನೆ. ನೀವು ಮುಟ್ಟಿ ನೋಡಿ, ಸರಿಯಿದೆ ಅಂದ ಮೇಲೇ ಹೋಗಿ."

ಕಾಜ್ ಅದನ್ನು ಹೇಳಿದ. ಗೆನೋವೆಫಾ ಆಗಲಿ ಎಂದು ತಲೆಯಾಡಿಸಿದಳು. ಆಮೇಲೆ ಕೆತ್ತುವವನು ಯಾರು ಎಂದು ಕೇಳಿದಳು. ಯೋಸಿಯಾಸ್ ಟೋಪಿ ತೆಗೆದು ಮುಂದೆ ಬಂದ. ಅವಳು ಅವನ ಕೈ ಹುಡುಕಿ ಹಿಡಿದು, ತನ್ನ ತೋರುಬೆರಳಿನ ಮೊದಲ ಗೆಣ್ಣನ್ನು ಅವನ ಹೆಬ್ಬೆರಳಿಗೆ ಒತ್ತಿ ತೋರಿಸಿ, ಗಟ್ಟಿಯಾಗಿ ಏನೋ ಅಂದಳು. ಕಾಜ್‌ನ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಾಣಿಸಿತು.

"ಇಷ್ಟು ಆಳ ಕೆತ್ತಬೇಕಂತೆ," ಎಂದ. "ಈಯಮ್ಮ ತಿಕ್ಕೋದನ್ನ ಬಿಡೋ ಪೈಕಿ ಅಲ್ಲ ಅಂತಿದಾಳೆ."